ಎಂಟನೆಯ ಆಸನ

ಹೊಸ ವಸ್ತುವನ್ನು ಕೊಳ್ಳುವುದಕ್ಕೆ ಹಣವೊಂದಿದ್ದರೆ ಸಾಕು. ಹಳೆಯ ವಸ್ತುವನ್ನು ಕೊಳ್ಳುವುದಕ್ಕೆ ಹಣದೊಡನೆ ಬುದ್ಧಿಯೂ ಬೇಕು. ನನ್ನಲ್ಲಿ ಮೊದಲನೆಯದು ಅಲ್ಪವಾಗಿಯೂ ಎರಡನೆಯದು ಸಂದೇಹಾಸ್ಪದವಾಗಿಯೂ ಇದ್ದುದರಿಂದ, 2023ರ ಬೇಸಿಗೆಯಲ್ಲಿ ಸಂಸಾರಕ್ಕೆಂದು ಹಳೆಯ ಮೋಟಾರು ಬಂಡಿಯೊಂದನ್ನು ಕೊಳ್ಳಬೇಕಾಗಿ ಬಂದಾಗ ನನಗೆ ಮೊದಲು ನೆನಪಾದವರು ನಮ್ಮ ಅಜ್ಜ. ಅವರು ದನದ ಜಾತ್ರೆಯಲ್ಲಿ ಎತ್ತು ಕೊಳ್ಳುತ್ತಿದ್ದ ವೈಖರಿಯನ್ನು ನಾನು ಬಾಲ್ಯದಲ್ಲಿ ಕಂಡಿದ್ದೆ. ಎತ್ತಿನ ತುಟಿ ಬಿಡಿಸಿ ಹಲ್ಲೆಣಿಸುವರು. ಎರಡು ಹಲ್ಲಿನದೋ, ನಾಲ್ಕು ಹಲ್ಲಿನದೋ, ಬಾಯಿಗೂಡಿದ್ದೋ ಎಂದು ನಿರ್ಣಯಿಸುವರು. ಮೈಮೇಲಿನ ಸುಳಿಗಳನ್ನು ನೋಡುವರು. ನೂರು ಹೆಜ್ಜೆ ನಡೆಸಿ ಹಿಂದಿನಿಂದ ನಡಿಗೆಯನ್ನು ಗಮನಿಸುವರು. ಕಟ್ಟಕಡೆಗೆ ದಲ್ಲಾಳಿಯೂ ಅವರೂ ವಸ್ತ್ರದ ಮರೆಯಲ್ಲಿ ಬೆರಳು ಹಿಡಿದು ಬೆಲೆ ಮಾತನಾಡುವರು. “ಮಾರುವವನ ಬಾಯಿ ನೋಡಬೇಡ, ಎತ್ತಿನ ಬಾಯಿ ನೋಡು” ಎಂಬುದು ಅವರು ನನಗೆ ಮಾಡಿದ ಉಪದೇಶ.

ನಮ್ಮದು ಎಂಟು ಜನರ ಮನೆ. ತಾಯಿ, ನಾನು, ನನ್ನಾಕೆ, ನಮ್ಮ ಇಬ್ಬರು ಮಕ್ಕಳು. ತಮ್ಮ, ಅವನ ಹೆಂಡತಿ, ಅವರ ಐದು ವರ್ಷದ ಮಗಳು. ವಾಸ ಶಿವಮೊಗ್ಗೆಯಲ್ಲಿ. ತಾಯಿಯ ತವರು ಶೃಂಗೇರಿಯ ಸೀಮೆಯ ಒಂದು ಹಳ್ಳಿ. ತೀರ್ಥಹಳ್ಳಿಯ ಮೇಲೆ ಹೋದರೆ ಸುಮಾರು ನೂರು ಕಿಲೋಮೀಟರಿನ ದಾರಿ. ಅಲ್ಲಿ ಅವಳ ಅಣ್ಣ, ಎಂದರೆ ನಮ್ಮ ಸೋದರಮಾವ, ಹಾಸಿಗೆ ಹಿಡಿದು ಎರಡು ವರ್ಷವಾಗಿತ್ತು. ಮಂಡಿನೋವಿನ ತಾಯಿಗೆ ಬಸ್ಸಿನ ಮೆಟ್ಟಿಲು ಏರುವುದು ಆಗದ ಕೆಲಸ. ಬಾಡಿಗೆಯ ಬಂಡಿ ತರಿಸೋಣವೆಂದರೆ, “ಸುಮ್ಮನೆ ದುಡ್ಡು ದಂಡ” ಎಂದು ತಳ್ಳಿಹಾಕುವಳು. ಅಣ್ಣನನ್ನು ನೋಡಬೇಕೆಂದು ಅವಳು ಬಾಯಿಬಿಟ್ಟು ಕೇಳಿದವಳಲ್ಲ. ಕೇಳದಿದ್ದುದೇ ನಮ್ಮನ್ನು ಹೆಚ್ಚಾಗಿ ಬಾಧಿಸುತ್ತಿತ್ತು.

ತಂದೆಯವರು ಇದ್ದಾಗ ಈ ತೊಡಕು ಇರಲಿಲ್ಲ. ಆಗ ನಮ್ಮಲ್ಲಿ ಎಂಟು ಆಸನಗಳ ಮಾರುತಿ ಓಮ್ನಿ ಇದ್ದಿತು. 1984ರಲ್ಲಿ ಬರಿಯ ‘ವ್ಯಾನ್’ ಎಂಬ ಹೆಸರಿನಿಂದ ಹೊರಟು 1988ರಿಂದ ಓಮ್ನಿ ಎನಿಸಿಕೊಂಡ ಆ ಡಬ್ಬಿಯಾಕಾರದ ಬಂಡಿಯನ್ನು ಅರಿಯದ ಕನ್ನಡಿಗರು ವಿರಳ. 796 ಸಿ.ಸಿ.ಯ ಪುಟ್ಟ ಇಂಜಿನು ಮುಂದಿನ ಆಸನದ ಕೆಳಗೇ ಅಡಗಿದ್ದಿತು. ನೆಲ ತಗ್ಗಾಗಿದ್ದಿತು, ಬಾಗಿಲು ಪಕ್ಕಕ್ಕೆ ಜಾರುತ್ತಿತ್ತು, ಸೀರೆಯುಟ್ಟ ಹೆಂಗಸರು ಜಗುಲಿ ಏರಿದಷ್ಟು ಸುಲಭವಾಗಿ ಒಳಹೊಕ್ಕು ಕೂಡಬಹುದಾಗಿತ್ತು. ತಾಯಿ ಯಾವಾಗಲೂ ಕಟ್ಟಕಡೆಯ ಸಾಲಿನಲ್ಲಿ, ಬುತ್ತಿಯ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿರುತ್ತಿದ್ದಳು. “ಹಿಂದೆ ಕುಲುಕುವುದಿಲ್ಲವೇ?” ಎಂದು ತಂದೆಯವರು ಕೇಳಿದರೆ, “ಇಲ್ಲಿ ಬಹಳ ಸುಖವಾಗಿದೆ” ಎಂಬುದೇ ಎಂದಿನ ಉತ್ತರ.

ಅಂಥದೇ ಬಂಡಿಯೊಂದನ್ನು ಹುಡುಕಿ ಕೊಳ್ಳಬಾರದೇಕೆ ಎಂದು ತಾಯಿ ಕೇಳಿದಳು. ಬೆಲೆಯೂ ಹಗುರವೇ. ಆದರೆ ಅದಕ್ಕೆ ಮೂತಿಯೇ ಇಲ್ಲ. ಚಾಲಕನ ಮೊಣಕಾಲಿಗೂ ಎದುರು ಬರುವ ಲಾರಿಗೂ ನಡುವೆ ತೆಳ್ಳನೆಯ ತಗಡಲ್ಲದೆ ಹೆಚ್ಚಿನದೇನೂ ಇರುವುದಿಲ್ಲ. ಸುರಕ್ಷತೆಯ ಹೊಸ ನಿಯಮಗಳು ಬಂದಾಗ, 2019ರಲ್ಲಿ, ಅದರ ತಯಾರಿಕೆಯೇ ನಿಂತುಹೋಯಿತು. ಮಲೆನಾಡಿನ ತಿರುವುಗಳಲ್ಲಿ ಮಕ್ಕಳನ್ನು ಕೂರಿಸಿಕೊಂಡು ಹೋಗಬೇಕಾದವನಿಗೆ ಹಳೆಯ ಪ್ರೀತಿಯೊಂದೇ ಸಾಲದು.

ಹುಡುಕಾಟ ಮೊದಲಾಯಿತು. ನನ್ನೊಡನೆ ಬಂದವರು ನಮ್ಮ ಬೀದಿಯ ಮೆಕ್ಯಾನಿಕ್ ಸಾಹೇಬರು. ನಲವತ್ತು ವರ್ಷ ಇಂಜಿನುಗಳ ನಡುವೆ ಬದುಕಿದವರು. ಮೊದಲು ನೋಡಿದ ಬಂಡಿ ಮದುಮಗನಂತೆ ಹೊಳೆಯುತ್ತಿತ್ತು. ಮೀಟರು ಅರವತ್ತು ಸಾವಿರ ಕಿಲೋಮೀಟರನ್ನು ತೋರಿಸುತ್ತಿತ್ತು. ಸಾಹೇಬರು ಮೀಟರನ್ನು ನೋಡಲೇ ಇಲ್ಲ. ಬಗ್ಗಿ ಕ್ಲಚ್ಚಿನ ಪೆಡಲನ್ನು ನೋಡಿದರು. ಅದರ ರಬ್ಬರು ಸವೆದು ನುಣುಪಾಗಿದ್ದಿತು. “ಸ್ವಾಮಿ, ಮೀಟರನ್ನು ತಿರುಗಿಸಬಹುದು, ಕಾಲು ತುಳಿದ ಗುರುತನ್ನು ತಿರುಗಿಸಲಾಗದು” ಎಂದರು. ನೋಂದಣಿಯ ಪೂರ್ವಚರಿತ್ರೆಯನ್ನು ವಿಚಾರಿಸಲಾಗಿ, ಅದು ಹಳದಿ ಫಲಕ ಹೊತ್ತು ಬಾಡಿಗೆಗೆ ಓಡಿ, ಅನಂತರ ಬಿಳಿಯ ಫಲಕ ಧರಿಸಿದ್ದೆಂದು ತಿಳಿಯಿತು.

ಎರಡನೆಯದರ ಸೀಟ್‌ಬೆಲ್ಟನ್ನು ಸಾಹೇಬರು ಕೊನೆಯವರೆಗೂ ಎಳೆದರು. ಯಾರೂ ಎಳೆಯದ ಆ ಕೊನೆಯ ಗೇಣಿನಲ್ಲಿ ಒಣಗಿದ ಕೆಸರಿನ ಗೆರೆಯಿದ್ದಿತು. ಆಸನದ ಕೆಳಗಿನ ಕಂಬಿಗಳು ತುಕ್ಕು ಹಿಡಿದಿದ್ದುವು. ಯಾವುದೋ ಊರಿನ ನೆರೆಯಲ್ಲಿ ಮುಳುಗಿ ಎದ್ದ ಬಂಡಿ ಅದು. ಸುಗಂಧದ ಸೀಸೆಯೊಂದನ್ನು ತೂಗುಹಾಕಿ ಮಾರಾಟಕ್ಕೆ ಇಟ್ಟಿದ್ದರು. ಮಾರುವವನು ನಾವು ಬರುವ ಮೊದಲೇ ಇಂಜಿನನ್ನು ಓಡಿಸಿ ಬಿಸಿಮಾಡಿಟ್ಟಿದ್ದನು. ತಣ್ಣಗಿರುವ ಇಂಜಿನು ಮಾತ್ರ ನಿಜ ಹೇಳುತ್ತದೆಯೆಂದು ಸಾಹೇಬರ ಸಿದ್ಧಾಂತ. ಮೊದಲ ಹೊಗೆ ನೀಲಿಯಾದರೆ ಎಣ್ಣೆ ಉರಿಯುತ್ತಿದೆ. ಕಪ್ಪಾದರೆ ಡೀಸೆಲು ಪೂರ್ತಿ ಉರಿಯುತ್ತಿಲ್ಲ. ಟೈರಿನ ಪಕ್ಕದಲ್ಲಿ ಅಚ್ಚೊತ್ತಿದ ನಾಲ್ಕಂಕಿಗಳನ್ನು ಓದುವುದನ್ನೂ ಅವರೇ ನನಗೆ ಕಲಿಸಿದರು. 3218 ಎಂದಿದ್ದರೆ 2018ನೆಯ ಇಸವಿಯ 32ನೆಯ ವಾರದ ಟೈರು. ಅಜ್ಜ ಎಣಿಸುತ್ತಿದ್ದ ಹಲ್ಲು ಇದೇ ಅಲ್ಲವೇ ಎಂದುಕೊಂಡೆನು.

ಮೂರನೆಯ ವಾರ ಒಬ್ಬರ ಬಳಿ ಎರಡು ಇನ್ನೋವಾ ಬಂಡಿಗಳು ಇವೆಯೆಂದು ತಿಳಿಯಿತು. 2005ರಲ್ಲಿ ಕ್ವಾಲಿಸಿನ ಸ್ಥಾನಕ್ಕೆ ಬಂದ ಈ ಬಂಡಿ ನಮ್ಮ ಬಿಡದಿಯಲ್ಲೇ ತಯಾರಾದದ್ದು. ಲಾರಿಯಂತೆ ಬೇರೆಯೇ ಚೌಕಟ್ಟಿನ ಮೇಲೆ ಮೈ ಕೂರಿಸಿದ್ದರಿಂದ ಭಾರಕ್ಕೆ ಅಂಜದು. ಎರಡೂ 2013ರ ಬಂಡಿಗಳು. ಎರಡೂ ಸಾಹೇಬರ ಪರೀಕ್ಷೆಯಲ್ಲಿ ತೇರ್ಗಡೆಯಾದುವು. ಒಂದು ಏಳು ಆಸನಗಳದು. ನಡುವಿನ ಸಾಲಿನಲ್ಲಿ ರಾಜಗಾಂಭೀರ್ಯದ ಎರಡು ಬಿಡಿ ಆಸನಗಳು. ಓಡಿದ್ದು ಎಪ್ಪತ್ತು ಸಾವಿರ. ಇನ್ನೊಂದು ಎಂಟು ಆಸನಗಳದು. ನಡುವೆ ಉದ್ದನೆಯ ಸಾದಾ ಆಸನ, ಓಡಿದ್ದು 1,38,000, ಬಂಪರಿನ ಮೇಲೆ ಗೀರು. ಇದರ ಟೈಮಿಂಗ್ ಬೆಲ್ಟನ್ನು ಒಂದೂವರೆ ಲಕ್ಷದ ಆಸುಪಾಸಿನಲ್ಲಿ ಬದಲಾಯಿಸಬೇಕು. ಅದು ಹರಿದರೆ ಇಂಜಿನಿನ ಒಳಗೇ ಕವಾಟಗಳಿಗೂ ಪಿಸ್ಟನ್ನಿಗೂ ಕಾಳಗವಾಗುವುದೆಂದು ಸಾಹೇಬರು ಎಚ್ಚರಿಸಿದರು.

ನಮ್ಮೆಲ್ಲರ ಮನಸ್ಸೂ ಮೊದಲನೆಯದಕ್ಕೆ ಸೋತಿತು. ಎಂಟನೆಯವರ ಗತಿಯೇನೆಂದರೆ, ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡರಾಯಿತೆಂದು ತಮ್ಮನು ಸಮಾಧಾನ ಹೇಳಿದನು. ಬೆಲ್ಟಿಲ್ಲದ ಮಗುವನ್ನು ಅಪಘಾತದಲ್ಲಿ ಯಾವ ತಾಯಿಯ ತೋಳೂ ಹಿಡಿದಿಡಲಾರದೆಂದು ನಾನು ಬಲ್ಲೆ; ಬಲ್ಲೆನಾದರೂ ಸುಮ್ಮನಿದ್ದೆನು. ಆಸನಗಳು ಅಷ್ಟು ಸೊಗಸಾಗಿದ್ದುವು.

ಆ ಬಂಡಿಯನ್ನು ಮನೆಯ ಮುಂದೆ ತಂದು ನಿಲ್ಲಿಸಿದೆವು. ಮಕ್ಕಳು ಕುಣಿದರು. ತಾಯಿ ಕೋಲೂರಿಕೊಂಡು ಹೊರಗೆ ಬಂದು, ಕಿಟಕಿಯಿಂದ ಇಣುಕಿ, ಬೆರಳು ಮಡಿಸಿ ಆಸನಗಳನ್ನು ಎಣಿಸಿದಳು. ಆಮೇಲೆ ಬಹಳ ಸಹಜವಾಗಿ ಹೇಳಿದಳು: “ಏಳು ಸಾಕಲ್ಲ, ಮಗು. ಸರಿಯಾಗಿಯೇ ಇದೆ. ದೇವರ ದೀಪಕ್ಕೆ ಎಣ್ಣೆ ಹಾಕುವುದಕ್ಕೆ ಮನೆಯಲ್ಲಿ ಒಬ್ಬರು ಇರಬೇಡವೇ? ನೀವೇ ಹೋಗಿ ಮಾವನನ್ನು ನೋಡಿಕೊಂಡು ಬನ್ನಿ.”

ಯಾರೂ ಮಾತನಾಡಲಿಲ್ಲ. ಯಾರಿಗಾಗಿ ಬಂಡಿಯನ್ನು ಹುಡುಕುತ್ತಿದ್ದೆವೋ ಅವಳೇ ಅದರಲ್ಲಿ ತನಗೆ ಜಾಗವಿಲ್ಲವೆಂದು ಎಣಿಸಿ ತಿಳಿದುಕೊಂಡಿದ್ದಳು. ಅದರಲ್ಲಿ ಆಕ್ಷೇಪಣೆಯ ಸೊಲ್ಲೂ ಇರಲಿಲ್ಲ. ಪೆಡಲಿನ ಸವೆತವನ್ನೂ ಬೆಲ್ಟಿನ ಕೆಸರನ್ನೂ ಕಂಡುಹಿಡಿದ ನಮಗೆ, ಮನೆಯ ಜನ ಎಷ್ಟೆಂಬುದೇ ಮರೆತುಹೋಗಿತ್ತು. ತಮ್ಮನು ಬಂಡಿಯ ಕೀಲಿಯನ್ನು ಜೇಬಿಗಿಳಿಸಿ, “ಇದನ್ನು ವಾಪಸು ಬಿಟ್ಟು ಬರುತ್ತೇನೆ” ಎಂದು ಮೆಲ್ಲನೆ ನುಡಿದನು.

ಮರುದಿನ ಎಂಟು ಆಸನದ ಬಂಡಿ ಬಂದಿತು. ಈ ಸಲ ಪರೀಕ್ಷೆ ತಾಯಿಯದು. ಹಳೆಯ ಅಭ್ಯಾಸದಂತೆ ಅವಳು ನೇರವಾಗಿ ಕಡೆಯ ಸಾಲಿಗೇ ಹೊರಟಳು. ನಡುವಿನ ಆಸನವನ್ನು ಮಡಿಸಿ, ಸೊಂಟ ಬಗ್ಗಿಸಿ, ಹೇಗೋ ಸೇರಿಕೊಂಡಳು. ಇಳಿಯುವಾಗ ಮಾತ್ರ ಮಂಡಿ ಮಡಿಸಲಾಗಲಿಲ್ಲ. ನಾನೂ ತಮ್ಮನೂ ಹಿಡಿದು ಇಳಿಸಬೇಕಾಯಿತು. ಅವಳು ನಕ್ಕಳು, ನಮಗೆ ನಗು ಬರಲಿಲ್ಲ. “ಅಮ್ಮ, ಇನ್ನು ನಿನ್ನ ಜಾಗ ಮುಂದೆ” ಎಂದೆನು. “ಮುಂದೆ ಗಂಡಸರು ಕೂರುವ ಜಾಗವಲ್ಲವೇನೋ?” ಎಂದಳು. ಅಡಿಗೆಮನೆಯಿಂದ ಮಣೆಯೊಂದನ್ನು ತಂದು ನೆಲಕ್ಕಿಟ್ಟೆವು. ಮೊದಲು ಮಣೆ, ಆಮೇಲೆ ಬಂಡಿಯ ಹೊಸಿಲು, ಬಾಗಿಲ ಮೇಲಿನ ಹಿಡಿಗೆ ಒಂದು ಕೈ. ಮೂರನೆಯ ಪ್ರಯತ್ನಕ್ಕೆ ಯಾರ ನೆರವೂ ಇಲ್ಲದೆ ಏರಿ ಕುಳಿತಳು.

ಬೆಲ್ಟು ಬದಲಾಯಿಸುವ ಖರ್ಚನ್ನು ಬೆಲೆಯಲ್ಲಿ ಕಳೆಯಿಸಿದೆವು. ಸಾಲ ಬಾಕಿಯಿಲ್ಲವೆಂಬುದನ್ನು ನೋಡಿಕೊಂಡು, ಛಾಸಿಯ ಸಂಖ್ಯೆಯನ್ನು ಪುಸ್ತಕದೊಡನೆ ತಾಳೆಹಾಕಿ, 29ನೆಯ ಮತ್ತು 30ನೆಯ ನಮೂನೆಗಳಿಗೆ ರುಜು ಮಾಡಿಸಿಕೊಂಡು ಹಣ ಕೊಟ್ಟೆವು. ಹದಿನೈದು ವರ್ಷದ ನೋಂದಣಿ 2028ಕ್ಕೆ ಮುಗಿಯುತ್ತದೆ; ಆಮೇಲೆ ಮತ್ತೆ ತಪಾಸಣೆ ಮಾಡಿಸಿ ಐದು ವರ್ಷಕ್ಕೊಮ್ಮೆ ನವೀಕರಿಸಿಕೊಳ್ಳಬೇಕು. ಅದು ಇರಲಿ.

ಮಳೆ ಹಿಡಿಯುವ ಮುನ್ನ ಒಂದು ಬೆಳಗ್ಗೆ ಎಂಟು ಜನವೂ ಹೊರಟೆವು. ತಮ್ಮನು ಬಂಡಿ ನಡೆಸುತ್ತಿದ್ದನು. ತಾಯಿ ಮುಂದೆ, ಬುತ್ತಿಯ ಚೀಲವನ್ನು ಎಂದಿನಂತೆ ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಳು. ನಾನು ಮಕ್ಕಳಿಬ್ಬರ ನಡುವೆ ಕಟ್ಟಕಡೆಯ ಸಾಲಿನಲ್ಲಿ ಮೊಣಕಾಲು ಎದೆಗೆ ತಗಲುವಂತೆ ಕುಳಿತು, ಪ್ರತಿಯೊಂದು ಗುಂಡಿಯ ಆಳವನ್ನೂ ಬೆನ್ನುಮೂಳೆಯಿಂದ ಅಳೆಯುತ್ತಿದ್ದೆನು. ಮಂಡಗದ್ದೆಯ ಬಳಿ ತುಂಗೆ ಕಾಣಿಸಿದಾಗ ತಾಯಿ ಅರ್ಧ ತಿರುಗಿ, “ಹಿಂದೆ ಕುಲುಕುತ್ತದೆಯೇನೋ, ಮಗು?” ಎಂದು ಕೇಳಿದಳು.

“ಇಲ್ಲಮ್ಮ, ಇಲ್ಲಿ ಬಹಳ ಸುಖವಾಗಿದೆ” ಎಂದೆನು.

ಅವಳು ಒಂದು ಕ್ಷಣ ನನ್ನನ್ನೇ ನೋಡಿ, ನಕ್ಕು, ಮತ್ತೆ ದಾರಿಯ ಕಡೆಗೆ ತಿರುಗಿದಳು.