ಬೀದಿಯೇ ಮನೆಯಾದ ನಗರ

ಕೆಲವು ನಗರಗಳು ಅರಮನೆಗಳಿಂದ ಹೆಸರಾಗಿವೆ, ಕೆಲವು ದೇವಾಲಯಗಳಿಂದ, ಮತ್ತೆ ಕೆಲವು ಉದ್ಯಾನಗಳಿಂದ. ಕಲ್ಕತ್ತೆಗೆ ಇವು ಯಾವುದರ ಕೊರತೆಯೂ ಇಲ್ಲ. ವಿಕ್ಟೋರಿಯಾ ಸ್ಮಾರಕದ ಅಮೃತಶಿಲೆಯ ಭವನ, ಕಾಳೀಘಾಟಿನ ದೇವಿಯ ಗುಡಿ, ಹರದಾರಿಯುದ್ದಕ್ಕೂ ಹರಡಿದಂತೆ ತೋರುವ ಮೈದಾನದ ಹಸುರು, ಇವಿಷ್ಟನ್ನು ನೋಡಿ ಮುಗಿಸಿದವರು ಕಲ್ಕತ್ತೆಯನ್ನು ಕಂಡು ಬಂದೆವೆಂದು ಹೇಳಿಕೊಳ್ಳುವುದುಂಟು. ಆದರೆ ಆ ಮಹಾನಗರದ ಎದೆಬಡಿತವನ್ನು ಕೇಳಬೇಕೆಂಬ ಆಸೆಯುಳ್ಳ ಪ್ರವಾಸಿ ವಾಹನದಿಂದಿಳಿದು ಬೀದಿಯಲ್ಲಿ ನಡೆಯಬೇಕು. ಅಲ್ಲಿ ಬೀದಿಯೆಂದರೆ ಹಾದುಹೋಗುವ ದಾರಿ ಮಾತ್ರವೇ ಅಲ್ಲ. ಸಹಸ್ರಾರು ಜನರಿಗೆ ಅದೇ ಅಂಗಡಿ, ಅದೇ ಅಡುಗೆಮನೆ, ಅದೇ ಬಚ್ಚಲು, ಅದೇ ಹಜಾರ. ಕೆಲವರಿಗೆ ಅದೇ ಶಯನಗೃಹ.

1690ರಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ಜಾಬ್ ಚಾರ್ನಾಕ್ ಹೂಗ್ಲಿ ನದಿಯ ದಡದಲ್ಲಿ ಬಿಡಾರ ಹೂಡಿದಾಗ ಅಲ್ಲಿದ್ದುವು ಸುತಾನುಟಿ, ಕಲಿಕಾತಾ, ಗೋವಿಂದಪುರ ಎಂಬ ಹಳ್ಳಿಗಳು. ಆ ಹಳ್ಳಿಗಳೇ ಬೆಳೆದು ಬ್ರಿಟಿಷ್ ಭಾರತದ ರಾಜಧಾನಿಯಾದುವು. ರಾಜಧಾನಿ ದೆಹಲಿಗೆ ಹೋಗುವುದೆಂದು 1911ರಲ್ಲಿ ಘೋಷಣೆಯಾಯಿತು. ಅಧಿಕಾರ ಹೋದರೂ ಜನ ಹೋಗಲಿಲ್ಲ. 1943ರ ಘೋರ ಕ್ಷಾಮದಲ್ಲಿ ಗಂಜಿಯ ಆಸೆಯಿಂದ ಹಳ್ಳಿಗಳು ಇಲ್ಲಿಗೆ ನಡೆದುಬಂದುವು. 1947ರ ದೇಶವಿಭಜನೆಯಲ್ಲಿ ಮನೆಮಠ ಕಳೆದುಕೊಂಡ ಪೂರ್ವ ಬಂಗಾಳದ ಸಂಸಾರಗಳು ಬಂದುವು. 1971ರ ಯುದ್ಧದ ವರ್ಷದಲ್ಲಿ ಮತ್ತೊಮ್ಮೆ ನಿರಾಶ್ರಿತರ ಹೊನಲು ಹರಿಯಿತು. ಬಂದವರಿಗೆಲ್ಲ ಮನೆ ಕೊಡುವ ಶಕ್ತಿ ನಗರಕ್ಕಿರಲಿಲ್ಲ, ಬೀದಿಯನ್ನು ಕೊಟ್ಟಿತು. 2001ರಲ್ಲಿ ನಗರದ ಹೆಸರು ಅಧಿಕೃತವಾಗಿ ಕೋಲ್ಕತವಾಯಿತು. ಬೀದಿಯ ಬಾಳು ಮಾತ್ರ ಹಳೆಯ ಜಾಡಿನಲ್ಲೇ ಸಾಗಿದೆ.

ಹೊತ್ತು ಹುಟ್ಟುವ ಮುನ್ನ

ಕಲ್ಕತ್ತೆಯ ಬೀದಿ ಏಳುವುದು ನೀರಿನ ಸದ್ದಿನೊಡನೆ. ಕುಡಿಯುವ ನೀರಿನ ಕೊಳವೆಗಳಲ್ಲದೆ, ಬೀದಿ ತೊಳೆಯುವುದಕ್ಕೆಂದು ಸೋಸದ ಗಂಗೆಯ ನೀರನ್ನು ಹರಿಸುವ ಬೇರೆಯ ಕೊಳವೆಗಳನ್ನೂ ಬ್ರಿಟಿಷರ ಕಾಲದಲ್ಲಿ ಹೂಳಿದರು. ಫುಟ್‌ಪಾತಿನ ಅಂಚಿನಲ್ಲಿ ಆ ನೀರು ಬುಗ್ಗೆಯಾಗಿ ಚಿಮ್ಮುತ್ತಿದ್ದಂತೆಯೇ ಕೂಲಿಕಾರರು, ಗಾಡಿ ಎಳೆಯುವವರು, ಅಂಗಡಿಯ ಹುಡುಗರು ಅದರ ಸುತ್ತ ಕುಳಿತು ಮೈತುಂಬ ಸೋಪಿನ ನೊರೆ ಬಳಿದುಕೊಂಡು ಸ್ನಾನ ಮಾಡುತ್ತಾರೆ. ನಾಚಿಕೆಯಿಲ್ಲ, ಅವಸರವಿಲ್ಲ. ನೋಡುವವನಿಗೇ ನಾಚಿಕೆಯಾಗಿ ಅವನು ಮುಖ ತಿರುಗಿಸಬೇಕು. ಮೈ ಒರಸಿಕೊಂಡು, ಒದ್ದೆ ಪಂಚೆಯನ್ನು ಹಿಂಡಿ ಕಂಬಿಗೆ ಹರವಿ, ಗೋಡೆಯ ಮೇಲಿನ ಯಾವುದೋ ದೇವರ ಪಟಕ್ಕೆ ಕೈಮುಗಿದು ಅವರು ದಿನದ ದುಡಿಮೆಗೆ ಹೊರಡುತ್ತಾರೆ.

ಅದೇ ಹೊತ್ತಿಗೆ ಹೌರಾ ಸೇತುವೆಯ ಬುಡದ ಮಲ್ಲಿಕ್ ಘಾಟಿನಲ್ಲಿ ಹೂವಿನ ಸಂತೆ ಕಾವೇರಿರುತ್ತದೆ. 1943ರಲ್ಲಿ ಸಂಚಾರಕ್ಕೆ ತೆರೆದ, 705 ಮೀಟರ್ ಉದ್ದದ ಆ ಉಕ್ಕಿನ ಸೇತುವೆಗೆ ನದಿಯ ನಡುವೆ ಒಂದು ಕಂಬವೂ ಇಲ್ಲ. ಮೇಲೆ ವಾಹನಗಳ ಗುಡುಗು. ಕೆಳಗೆ ಚೆಂಡುಹೂವಿನ ಮಾಲೆಗಳ ರಾಶಿ. ಹಾವಿನಂತೆ ಸುತ್ತಿದ ಕಿತ್ತಳೆ, ಹಳದಿ ಮಾಲೆಗಳನ್ನು ಹೆಗಲ ತುಂಬ ಹೇರಿಕೊಂಡವರು, ಕಾಳಿಕಾದೇವಿಗೆ ಪ್ರಿಯವಾದ ಕೆಂಪು ದಾಸವಾಳದ ಮೊಗ್ಗುಗಳನ್ನು ಬುಟ್ಟಿಯಲ್ಲಿ ಹೊತ್ತವರು, ಸುಗಂಧರಾಜದ ಕಟ್ಟುಗಳನ್ನು ತಲೆಯ ಮೇಲಿಟ್ಟವರು, ಕೆಸರಿನಲ್ಲಿ ಬರಿಗಾಲಲ್ಲಿ ದಾರಿ ಬಿಡಿಸಿಕೊಂಡು ಓಡುತ್ತಾರೆ. ಆ ಕೆಸರು, ಆ ಪರಿಮಳ! ಒಂದನ್ನು ಬಿಟ್ಟು ಇನ್ನೊಂದನ್ನು ಮಾತ್ರ ಪಡೆಯುತ್ತೇನೆಂದರೆ ಆ ಊರಿನಲ್ಲಿ ಸಾಧ್ಯವಿಲ್ಲ.

ಮಣ್ಣಿನ ಕುಡಿಕೆ, ಕಾಗದದ ಪೊಟ್ಟಣ

ಬಿಸಿಲೇರಿದಂತೆ ಬೀದಿ ಅಡುಗೆಮನೆಯಾಗುತ್ತದೆ. ಮೂಲೆಮೂಲೆಯಲ್ಲೂ ಚಹದ ಒಲೆ. ಅಂಗೈಯಲ್ಲಿ ಅಡಗುವಷ್ಟು ಪುಟ್ಟ ಮಣ್ಣಿನ ಕುಡಿಕೆಯಲ್ಲಿ ಚಹ. ಅಲ್ಲಿನವರು ಆ ಕುಡಿಕೆಯನ್ನು 'ಭಾಂಡ್' ಎನ್ನುತ್ತಾರೆ. ನಾಲ್ಕು ಗುಟುಕು ಹೀರಿ ಕುಡಿಕೆಯನ್ನು ಬಿಸಾಡಿದರಾಯಿತು, ಮಣ್ಣು ಮಣ್ಣಿಗೆ ಸೇರಿತು. ಎಸ್‌ಪ್ಲನೇಡಿನ ಹತ್ತಿರ ಡೇಕರ್ಸ್ ಲೇನ್ ಎಂಬ ಓಣಿಯೊಂದಿದೆ. ಆ ಓಣಿಗೆ ಈಗ ಜೇಮ್ಸ್ ಹಿಕಿಯ ಹೆಸರು. 1780ರಲ್ಲಿ ಭಾರತದ ಮೊದಲನೆಯ ವೃತ್ತಪತ್ರಿಕೆಯನ್ನು ಅಚ್ಚು ಹಾಕಿದ ಸಾಹಸಿ ಆತ. ಆದರೆ ಹೊಟ್ಟೆ ಹಸಿದು ಬಂದ ಗುಮಾಸ್ತರಿಗೆ ಪತ್ರಿಕೆಯ ಇತಿಹಾಸವೇಕೆ? ಮಧ್ಯಾಹ್ನ ಒಂದು ಗಂಟೆಗೆ ಅವರು ಬೆಂಚಿನ ಮೇಲೆ ಭುಜಕ್ಕೆ ಭುಜ ತಾಗಿಸಿ ಕುಳಿತು, ಅನ್ನ ಮೀನುಸಾರು, ಲೂಚಿ, ಬಟಾಣಿಯ ಘುಗನಿಗಳನ್ನು ಉಣ್ಣುತ್ತಾರೆ. ದೊಡ್ಡ ಕಚೇರಿಯ ಅಧಿಕಾರಿಯೂ ಅವನ ಜವಾನನೂ ಅಲ್ಲಿ ಒಂದೇ ಬೆಂಚಿನವರು.

ಕನ್ನಡ ನಾಡಿನ ಪ್ರವಾಸಿಗೆ ಥಟ್ಟನೆ ತೌರೂರನ್ನು ನೆನಪಿಗೆ ತರುವ ತಿನಿಸೊಂದು ಇಲ್ಲಿದೆ. ಅದೇ 'ಝಾಲ್‌ಮುಡಿ'. ಮಂಡಕ್ಕಿಗೆ ಈರುಳ್ಳಿ, ಹಸಿಮೆಣಸು, ಕಡಲೆಕಾಯಿ ಬೀಜ ಬೆರಸಿ, ಡಬ್ಬಿಯಲ್ಲಿ ಕುಲುಕಿ, ಕಾಗದದ ಪೊಟ್ಟಣದಲ್ಲಿ ಸುರಿದು ಕೊಡುತ್ತಾರೆ. ನಮ್ಮ ಚುರುಮುರಿಯ ಸೋದರಿಯೇ ಸರಿ. ಆದರೆ ಬಾಯಿಗಿಟ್ಟೊಡನೆ ಸಾಸಿವೆ ಎಣ್ಣೆಯ ಘಾಟು ಮೂಗಿಗೇರಿ, ಇದು ಬೇರೊಂದು ಸೀಮೆಯೆಂದು ಎಚ್ಚರಿಸುತ್ತದೆ.

ಹೊಟ್ಟೆಯ ಹಸಿವಿನಂತೆ ಓದಿನ ಹಸಿವನ್ನೂ ಈ ಊರು ಬೀದಿಯಲ್ಲೇ ತಣಿಸುತ್ತದೆ. 1857ರಲ್ಲಿ ಸ್ಥಾಪಿತವಾದ ವಿಶ್ವವಿದ್ಯಾನಿಲಯ, ಪ್ರೆಸಿಡೆನ್ಸಿ ವಿಶ್ವವಿದ್ಯಾನಿಲಯ, ಸಂಸ್ಕೃತ ಕಾಲೇಜು, ಇವುಗಳ ನೆರಳಿನಲ್ಲಿ ಹರಡಿರುವ ಕಾಲೇಜ್ ಸ್ಟ್ರೀಟಿನಲ್ಲಿ ಬೇಲಿಗೆ ಆತು ನಿಂತ ಗೂಡಂಗಡಿಗಳ ತುಂಬ ಹಳೆಯ ಹೊಸ ಪುಸ್ತಕಗಳು. ಪುಸ್ತಕದ ಹೆಸರು ಹೇಳಿದರೆ ಸಾಕು, ಆ ಅಟ್ಟಿಯ ನಡುವಿನಿಂದ ಅಂಗಡಿಯವನು ಅದನ್ನು ಸರ್ರನೆ ಸೆಳೆದು ಕೊಡುವ ಚಮತ್ಕಾರ ನೋಡಬೇಕು! ಎದುರಿನ ಓಣಿಯಲ್ಲಿ, ಹಿಂದೆ ಆಲ್ಬರ್ಟ್ ಹಾಲ್ ಎನಿಸಿಕೊಂಡಿದ್ದ ಕಟ್ಟಡದಲ್ಲಿ 1942ರಲ್ಲಿ ತೆರೆದ ಕಾಫಿ ಹೌಸ್ ಇದೆ. ಚಹದ ನಾಡಿನ ಕವಿಗಳೂ ವಿದ್ಯಾರ್ಥಿಗಳೂ ಅಲ್ಲಿ ಒಂದು ಬಟ್ಟಲು ಕಾಫಿಯ ಮುಂದೆ ಗಂಟೆಗಟ್ಟಲೆ ಚರ್ಚೆಯಲ್ಲಿ ತೊಡಗುತ್ತಾರೆ. ಭಾರತದ ಕಾಫಿಯಲ್ಲಿ ಹೆಚ್ಚಿನ ಪಾಲು ಕೊಡಗು, ಚಿಕ್ಕಮಗಳೂರು, ಹಾಸನಗಳ ತೋಟಗಳದೆಂಬುದನ್ನು ನೆನೆದಾಗ ಕನ್ನಡಿಗನಿಗೆ ಸಣ್ಣದೊಂದು ಹೆಮ್ಮೆ ಮೂಡಿದರೆ ತಪ್ಪಲ್ಲ.

ಬೀದಿ ಯಾರದು?

ಗಡಿಯಾಹಾಟ್, ಹಾತೀಬಾಗಾನ್ ಮೊದಲಾದೆಡೆಗಳಲ್ಲಿ ಫುಟ್‌ಪಾತು ಫುಟ್‌ಪಾತಾಗಿ ಉಳಿದಿಲ್ಲ. ಸೀರೆ, ಬಳೆ, ಪಾತ್ರೆ, ಆಟಿಕೆ, ಚಾಪೆ ಎಲ್ಲವೂ ನಡೆಯುವವನ ಮೈ ತಾಗುತ್ತವೆ. ನಡೆಯುವ ಜನ ರಸ್ತೆಗಿಳಿಯಬೇಕು. ರಸ್ತೆಯಲ್ಲಿ ಮೋಟಾರುಗಳು ಮೈಮೇಲೆ ಬರುತ್ತವೆ. ಕೈಯಲ್ಲಿ ಮಗುವಿರುವ ತಾಯಿಗೆ, ಕಣ್ಣು ಮಂಜಾದ ಮುದುಕನಿಗೆ ಇದು ಸಣ್ಣ ಕಷ್ಟವಲ್ಲ. ಆದರೆ ಅದೇ ತಾಯಿ ಹಬ್ಬದ ಸೀರೆಗೆ ಬರುವುದೂ ಅದೇ ಫುಟ್‌ಪಾತಿಗೇ.

1996ರ ನವೆಂಬರಿನಲ್ಲಿ ಸರ್ಕಾರ 'ಆಪರೇಷನ್ ಸನ್‌ಶೈನ್' ಎಂಬ ಹೆಸರಿನ ಕಾರ್ಯಾಚರಣೆಯಲ್ಲಿ ಮುಖ್ಯ ಬೀದಿಗಳ ಗೂಡಂಗಡಿಗಳನ್ನು ಕೆಡವಿಹಾಕಿತು. ಬೀದಿ ತೆರವಾಯಿತು, ಒಲೆಗಳು ಆರಿದುವು. ಕೆಲವು ವರ್ಷಗಳಲ್ಲೇ ಬೀದಿಯ ವ್ಯಾಪಾರಿಗಳು ಸಂಘ ಕಟ್ಟಿ, ಹೋರಾಡಿ, ತಮ್ಮ ತಮ್ಮ ಜಾಗಗಳಿಗೆ ಮರಳಿದರು. ಬೀದಿಯಲ್ಲಿ ವ್ಯಾಪಾರ ಮಾಡುವುದೂ ಯೋಗ್ಯ ನಿಯಮಗಳಿಗೊಳಪಟ್ಟ ಹಕ್ಕೇ ಎಂದು ಸರ್ವೋಚ್ಚ ನ್ಯಾಯಾಲಯ 1989ರಲ್ಲೇ ಹೇಳಿತ್ತು. 2014ರಲ್ಲಿ ಸಂಸತ್ತು ಬೀದಿ ವ್ಯಾಪಾರಿಗಳ ಜೀವನೋಪಾಯವನ್ನು ಕಾಯುವ ಕಾನೂನನ್ನೇ ಮಾಡಿತು. ಅವರ ಗಣತಿ ಮುಗಿಯುವವರೆಗೆ ಯಾರನ್ನೂ ಎಬ್ಬಿಸಕೂಡದು. ಜಾಗ ಗೊತ್ತುಮಾಡುವ ಸಮಿತಿಯಲ್ಲಿ ನೂರಕ್ಕೆ ನಲವತ್ತಕ್ಕೆ ಕಡಮೆಯಿಲ್ಲದಂತೆ ಅವರದೇ ಪ್ರತಿನಿಧಿಗಳಿರಬೇಕು ಎಂಬುದು ಅದರ ಸಾರ. ಕಾಗದದ ಮೇಲಿನ ಕಾನೂನು ಫುಟ್‌ಪಾತಿಗೆ ಇಳಿದು ಬರುವುದು ನಿಧಾನ. ನಡೆಯುವವನ ಕಾಲಿಗೂ ಮಾರುವವನ ಹೊಟ್ಟೆಗೂ ನಡುವಣ ಈ ವ್ಯಾಜ್ಯ ಇನ್ನೂ ದಿನನಿತ್ಯ ನಡೆಯುತ್ತಲೇ ಇದೆ.

ಬೀದಿಯ ಇನ್ನೊಬ್ಬ ಹಳೆಯ ಒಕ್ಕಲೆಂದರೆ ಟ್ರಾಮು. 1873ರಲ್ಲಿ ಕುದುರೆಗಳು ಎಳೆದ ಈ ಬಂಡಿ 1902ರಲ್ಲಿ ವಿದ್ಯುತ್ತಿನಿಂದ ಓಡತೊಡಗಿತು. ಅದರ ಮಂದಗಮನವೇ ಅದರ ಸೊಗಸು. ಕಿಟಕಿಯ ಪಕ್ಕ ಕುಳಿತವನಿಗೆ ಅಂಗಡಿಯ ಹಲಗೆಗಳನ್ನು ಒಂದೊಂದಾಗಿ ಓದುವಷ್ಟು ಬಿಡುವು. ಆ ಮಂದಗಮನವೇ ಅದಕ್ಕೆ ಮುಳುವೂ ಆಯಿತು. ಮೈದಾನದ ಅಂಚಿನ ಒಂದು ದಾರಿಯನ್ನುಳಿದು ಮಿಕ್ಕೆಲ್ಲವನ್ನೂ ನಿಲ್ಲಿಸುವುದಾಗಿ 2024ರ ಸೆಪ್ಟೆಂಬರಿನಲ್ಲಿ ಸರ್ಕಾರ ಪ್ರಕಟಿಸಿದಾಗ ಅನೇಕರು ಹಿರಿಯರನ್ನು ಕಳೆದುಕೊಂಡವರಂತೆ ಮರುಗಿದರು.

ಮನುಷ್ಯನನ್ನು ಎಳೆಯುವ ಮನುಷ್ಯ

ಪ್ರವಾಸಿಯ ಮನಸ್ಸನ್ನು ಎಲ್ಲಕ್ಕಿಂತ ಹೆಚ್ಚಾಗಿ ಕಲಕುವ ನೋಟ ಇನ್ನೊಂದಿದೆ. ಎತ್ತರದ ಎರಡು ಚಕ್ರ, ಮೇಲೊಂದು ಆಸನ, ಮುಂದಕ್ಕೆ ಚಾಚಿದ ಎರಡು ಮರದ ಮೂಕಿಗಳು. ಆ ಮೂಕಿಗಳ ನಡುವೆ ಎತ್ತಲ್ಲ, ಕುದುರೆಯಲ್ಲ, ಲುಂಗಿಯನ್ನು ಮೇಲಕ್ಕೆ ಕಟ್ಟಿದ ಒಬ್ಬ ಬಡಕಲು ಮನುಷ್ಯ! ಬೆರಳಿಗೆ ಸಿಕ್ಕಿಸಿದ ಹಿತ್ತಾಳೆಯ ಗಂಟೆಯನ್ನು ಮೂಕಿಗೆ ತಟ್ಟಿ ಟಿಣ್ ಟಿಣ್ ಎನ್ನಿಸುತ್ತ ಅವನು "ಆಯಿಯೇ ಬಾಬು" ಎಂದು ಕರೆದಾಗ, ಹೊರಗಿನಿಂದ ಬಂದವನು ಗಾಬರಿಯಿಂದ ತಲೆಯಲ್ಲಾಡಿಸಿ ಮುಂದಕ್ಕೆ ಸಾಗುತ್ತಾನೆ. ಇನ್ನೊಬ್ಬ ಮನುಷ್ಯನ ಬೆವರಿನ ಮೇಲೆ ತಾನು ಸವಾರಿ ಮಾಡಲಿಲ್ಲವೆಂಬ ಸಮಾಧಾನ ಅವನಿಗೆ. ಎಳೆಯುವವನಿಗೆ ಉಳಿದುದು ಬರಿಯ ಗಾಡಿ.

ಈ ರಿಕ್ಷಾಗಳು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಇಲ್ಲಿಗೆ ಬಂದುವು. ಮೊದಮೊದಲು ಚೀನೀ ವರ್ತಕರು ಸರಕು ಸಾಗಿಸಲು ಇವನ್ನು ಬಳಸುತ್ತಿದ್ದರು. ಬರಬರುತ್ತ ಸರಕಿನ ಜಾಗದಲ್ಲಿ ಜನ ಕುಳಿತರು. ಎಳೆಯುವವರಲ್ಲಿ ಬಹುಮಂದಿ ಬಿಹಾರ, ಝಾರ್ಖಂಡಗಳ ಹಳ್ಳಿಗಳಿಂದ ಬಂದ ತುಂಡುಭೂಮಿಯ ರೈತರು, ಭೂಮಿಯಿಲ್ಲದ ಕೂಲಿಗಳು. ಗಾಡಿ ಅವರದಲ್ಲ, ದಿನಬಾಡಿಗೆಯದು. ಗಾಡಿಗಳು ತಂಗುವ 'ಡೇರಾ' ಎಂಬ ಕೊಟ್ಟಿಗೆಯಲ್ಲೇ ಅವರ ವಾಸ, ಊಟ, ನಿದ್ರೆ. ಉಳಿದ ಕಾಸು ಊರಿಗೆ. ಸುಗ್ಗಿಯ ಕಾಲಕ್ಕೆ ತಾವೂ ಊರಿಗೆ. ಬಿಮಲ್ ರಾಯ್ 1953ರಲ್ಲಿ ತೆಗೆದ 'ದೋ ಬೀಘಾ ಜಮೀನ್' ಚಿತ್ರದಲ್ಲಿ ಸಾಲ ತೀರಿಸಿ ಹೊಲ ಉಳಿಸಿಕೊಳ್ಳಲು ಕಲ್ಕತ್ತೆಗೆ ಬಂದು ರಿಕ್ಷಾ ಎಳೆದ ಶಂಭುವನ್ನು ಹಿರಿಯರು ಮರೆತಿರಲಾರರು.

ಈ ಪದ್ಧತಿ ಮನುಷ್ಯತ್ವಕ್ಕೆ ಕಳಂಕವೆಂಬ ಮಾತು ಹೊಸದಲ್ಲ. 2005ರ ಸ್ವಾತಂತ್ರ್ಯ ದಿನದಂದು ಮುಖ್ಯಮಂತ್ರಿ ಬುದ್ಧದೇವ ಭಟ್ಟಾಚಾರ್ಯರು ಇದನ್ನು ಕೊನೆಗಾಣಿಸುವುದಾಗಿ ಸಾರಿದರು; 2006ರಲ್ಲಿ ವಿಧಾನಸಭೆ ಅದಕ್ಕಾಗಿ ಮಸೂದೆಯನ್ನೂ ಅಂಗೀಕರಿಸಿತು. ಹೊಗಳಬೇಕಾದ ಕೆಲಸವೇ. ಆದರೆ ಮೊದಲು ಎದುರು ನಿಂತವರು ರಿಕ್ಷಾ ಎಳೆಯುವವರೇ! ಗಾಡಿಯನ್ನು ಕಸಿದುಕೊಂಡ ಮೇಲೆ ಕೈಗೆ ಕೊಡುವುದೇನು ಎಂಬುದು ಅವರ ಪ್ರಶ್ನೆ. ವಿಷಯ ನ್ಯಾಯಾಲಯದ ಮೆಟ್ಟಿಲೇರಿತು. ನಿಷೇಧ ಜಾರಿಗೆ ಬರಲಿಲ್ಲ.

ಮಳೆಗಾಲದಲ್ಲಿ ಒಮ್ಮೆ ಕಲ್ಕತ್ತೆಯನ್ನು ನೋಡಿದವರಿಗೆ ಈ ತೊಡಕು ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ಒಂದು ದೊಡ್ಡ ಮಳೆ ಹೊಯ್ದರೆ ಸಾಕು, ತಗ್ಗಿನ ಓಣಿಗಳಲ್ಲಿ ಮೊಣಕಾಲು ಮಟ್ಟ, ಸೊಂಟದ ಮಟ್ಟ ನೀರು. ಮೋಟಾರುಗಳು ಕೆಮ್ಮಿ ನಿಂತುಬಿಡುತ್ತವೆ. ಆಗ ಬಸುರಿಯನ್ನು ಆಸ್ಪತ್ರೆಗೂ, ಮಕ್ಕಳನ್ನು ಶಾಲೆಯಿಂದ ಮನೆಗೂ ಮುಟ್ಟಿಸುವವನು ಅವನೇ. ವರ್ಷವೆಲ್ಲ ಅವನನ್ನು ಕಂಡು ಮರುಗುವ, ಗೊಣಗುವ ನಗರ ಆ ದಿನ ಅವನ ಗಂಟೆಯ ಸದ್ದಿಗೆ ಕಿವಿಗೊಟ್ಟು ಬಾಗಿಲಲ್ಲಿ ಕಾದು ನಿಲ್ಲುತ್ತದೆ.

ಈಗ ಗಾಡಿಗಳು ತಾವಾಗಿಯೇ ವಿರಳವಾಗುತ್ತಿವೆ. ಮೂಕಿ ಹಿಡಿದವರಲ್ಲಿ ಹೆಚ್ಚಿನವರ ತಲೆ ನರೆತಿದೆ. ಮಕ್ಕಳು ಈ ಕಸುಬಿಗೆ ಬರಲೊಲ್ಲರು, ಬರಲೆಂದು ತಂದೆಯರೂ ಬಯಸುವುದಿಲ್ಲ. ಕಾನೂನಿನಿಂದಾಗದುದನ್ನು ವಯಸ್ಸು ಮಾಡುತ್ತಿದೆ. ಒಂದು ಜೀವಮಾನವೆಲ್ಲ ನಗರವನ್ನು ಹೊತ್ತು ತಿರುಗಿದ ಈ ಮುದುಕರು ಗಾಡಿ ಬಿಟ್ಟ ದಿನ ನಗರ ಅವರಿಗೆ ಏನು ಮಾಡುತ್ತದೆ? ಗಾಡಿಯನ್ನು ವಸ್ತುಸಂಗ್ರಹಾಲಯದಲ್ಲಿಡುವುದು ಸುಲಭ; ಅದನ್ನೆಳೆದವನಿಗೆ ಎರಡು ಹೊತ್ತಿನ ಅನ್ನ ಕಾಣಿಸುವುದೇ ಕಷ್ಟದ ಕೆಲಸ.

ದೀಪ ಹತ್ತಿದ ಮೇಲೆ

ಸಂಜೆ ಉತ್ತರ ಕಲ್ಕತ್ತೆಯ ಹಳೆಯ ಓಣಿಗಳಲ್ಲಿ ಬೀದಿ ಮತ್ತೆ ಹಜಾರವಾಗುತ್ತದೆ. ಮನೆಗಳ ಮುಂದಿನ ಜಗಲಿಗೆ ಅಲ್ಲಿ 'ರೋಕ್' ಎಂದು ಹೆಸರು. ನಮ್ಮ ಹಳ್ಳಿಯ ಜಗಲಿಕಟ್ಟೆಯ ಹಾಗೆಯೇ. ಅಲ್ಲಿ ಕುಳಿತು ಹಿರಿಯರೂ ಕಿರಿಯರೂ ಫುಟ್‌ಬಾಲ್, ರಾಜಕೀಯ, ಮೀನಿನ ಬೆಲೆ ಎಲ್ಲವನ್ನೂ ಇತ್ಯರ್ಥ ಮಾಡುತ್ತಾರೆ. ಬೀದಿದೀಪದ ಕೆಳಗೆ ಕೇರಂ ಹಲಗೆಯ ಸುತ್ತ ಹುಡುಗರ ಗುಂಪು. ಇನ್ನು ಶರತ್ಕಾಲದ ದುರ್ಗಾಪೂಜೆ ಬಂದಿತೆಂದರೆ ಕೇಳುವುದೇ ಬೇಡ. 2021ರಲ್ಲಿ ಯುನೆಸ್ಕೋ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡ ಆ ಹಬ್ಬದಲ್ಲಿ ಬೀದಿಬೀದಿಯೂ ಬಿದಿರು, ಬಟ್ಟೆಗಳ ಮಂಟಪ. ಆ ದಿನಗಳಲ್ಲಿ ಮೋಟಾರು ದಾರಿ ಬಿಡಬೇಕು, ಕಾಲುನಡಿಗೆಯವನೇ ಅರಸು.

ನಡುರಾತ್ರಿ ಕಳೆದಾಗ ಗೂಡಂಗಡಿಗಳ ಮೇಲೆ ತಾಡಪತ್ರಿ ಬೀಳುತ್ತದೆ. ಮಾಲೀಕನ ಹುಡುಗ ಹಲಗೆಯ ಮೇಲೆಯೇ ಮಲಗುತ್ತಾನೆ. ಓಣಿಯ ತಿರುವಿನಲ್ಲಿ, ಮೂಕಿಗಳನ್ನು ನೆಲಕ್ಕೂರಿದ ರಿಕ್ಷಾದ ಆಸನದಲ್ಲಿ ಮೊಣಕಾಲು ಮಡಿಸಿ ಮುದುಕನೊಬ್ಬ ನಿದ್ದೆಹೋಗಿರುತ್ತಾನೆ. ಹಗಲೆಲ್ಲ ಬೇರೆಯವರು ಕುಳಿತ ಆಸನ ಅದು. ಅವನಿಗೆ ಅದು ದೊರೆಯುವುದು ಈ ನಾಲ್ಕು ಗಂಟೆಗಳ ಕಾಲ ಮಾತ್ರ. ಅಷ್ಟರಲ್ಲಿ ನಲ್ಲಿಯಲ್ಲಿ ಗಂಗೆಯ ನೀರು ಬಂದೀತು.