ಇಳಿಸಿದ ತಂತಿ

ರಜೆಗೆಂದು ಚಿತ್ತವಾಡ್ಗಿಗೆ ಬಂದಿದ್ದ ಮೊಮ್ಮಗ ತನ್ನ ಬೇಸ್ ಗಿಟಾರಿನ ದಪ್ಪ ತಂತಿಯನ್ನು ‘ಇ’ ಸ್ವರದಿಂದ ‘ಡಿ’ಗೆ ಇಳಿಸಿದ. ಅದು ಮೆಟ್ಟುಗಳಿಗೆ ತಾಗಿ ಗರಗರ ಸದ್ದು ಮಾಡತೊಡಗಿತು. “ಇದ್ದ ಶ್ರುತಿಯಲ್ಲೇ ಬಾರಿಸಬಾರದೇನೋ?” ಎಂದು ಗದರಿದೆ. ಅವನು ಮಾತಾಡದೆ ವಾದ್ಯವನ್ನು ಚೀಲದಲ್ಲಿಟ್ಟ.

ರಾತ್ರಿ ತಂಬೂರಿಯ ನೆನಪಾಯಿತು. ಮಾಲಕಂಸ ರಾಗದಲ್ಲಿ ಪಂಚಮವಿಲ್ಲ. ಅದಕ್ಕಾಗಿ ಗಾಯಕರು ಮೊದಲ ತಂತಿಯನ್ನು ಪಂಚಮದಿಂದ ಮಧ್ಯಮಕ್ಕೆ ಇಳಿಸುತ್ತಾರೆ. ಕುದುರೆಯ ಮೇಲಿನ ಜೀವಾಳದ ನೂಲನ್ನೂ ಸರಿಪಡಿಸಿಕೊಳ್ಳುತ್ತಾರೆ. ಅದನ್ನು ನಾನೆಂದೂ ತಪ್ಪೆಂದಿರಲಿಲ್ಲ.

ಬೆಳಿಗ್ಗೆ ಇಬ್ಬರೂ ಕುಳಿತೆವು. ಬಿಗಿ ಕುಗ್ಗಿದ ತಂತಿ ಹೆಚ್ಚು ಅಗಲಕ್ಕೆ ಅದುರುತ್ತದೆ. ಅದಕ್ಕೆ ಜಾಗ ಬೇಕು. ಅವನು ಕುದುರೆಯ ಪುಟ್ಟ ತಿರುಪುಗಳನ್ನು ತಿರುಗಿಸಿ ಆ ತಂತಿಯನ್ನು ತುಸುವೇ ಎತ್ತರಿಸಿದ. 12ನೆಯ ಮೆಟ್ಟಿನಲ್ಲಿ ಒತ್ತಿ ಸ್ವರವನ್ನು ಪರೀಕ್ಷಿಸಿದ. ಸೆಕೆಂಡಿಗೆ 41 ಕಂಪನಗಳಿಂದ ಸುಮಾರು 37ಕ್ಕೆ ಇಳಿದಿದ್ದ ನಾದ ಈಗ ಶುದ್ಧವಾಗಿ, ಗಂಭೀರವಾಗಿ ಮೊಳಗಿತು.

ತರಗತಿಯಲ್ಲಿ ನಾನು ಎಷ್ಟು ಮಕ್ಕಳನ್ನು ಒಂದೇ ಶ್ರುತಿಗೆ ಬಿಗಿದೆನೋ! ಬೇರೆ ಸ್ವರ ಹಿಡಿದವರನ್ನು ಗದರಿದೆನೇ ಹೊರತು ಅವರಿಗಾಗಿ ಕುದುರೆಯನ್ನು ಎತ್ತರಿಸಲಿಲ್ಲ. ಇದನ್ನು ಓದುತ್ತಿರುವ ಶಿಷ್ಯರಲ್ಲಿ ಅಂಥವರಿದ್ದರೆ, ಈ ಮುದಿ ಮೇಷ್ಟರನ್ನು ಕ್ಷಮಿಸಿ.