ಮೂಗು ಹೇಳುವ ಮಾತು

ಪಂಚೇಂದ್ರಿಯಗಳಲ್ಲಿ ಕಣ್ಣಿಗೂ ಕಿವಿಗೂ ಸಲ್ಲುವ ಗೌರವ ಮೂಗಿಗೆ ಸಲ್ಲುವುದಿಲ್ಲ. ಮಲ್ಲಿಗೆಯ ಪರಿಮಳವನ್ನೂ ಒಗ್ಗರಣೆಯ ಘಮವನ್ನೂ ತಂದಾಗ ಅದನ್ನು ಮೆಚ್ಚುವವರೇ, ಬಚ್ಚಲುಮನೆಯ ವಾರ್ತೆಯನ್ನು ತಂದಾಗ ಮುಖ ತಿರುಗಿಸುತ್ತಾರೆ. ಸಭ್ಯರ ಮನೆಗಳಲ್ಲಿ ಮೂತ್ರವೆಂಬ ಶಬ್ದವೇ ವರ್ಜ್ಯ. ‘ಒಂದಕ್ಕೆ ಹೋಗುವುದು’, ‘ಜಲಬಾಧೆ’ ಎಂಬ ಮರೆಮಾತುಗಳಲ್ಲಿ ಕೆಲಸ ಸಾಗುತ್ತದೆ. ಹೀಗಿರುವಾಗ ಅದರ ವಾಸನೆ ಬದಲಾಯಿತೆಂದು ಯಾರು ಯಾರಿಗೆ ಹೇಳಬೇಕು? ಸೊಸೆ ಅತ್ತೆಗೆ ಹೇಳಳು. ವೃದ್ಧರಾದ ತಂದೆ ಮಗನಿಗೆ ಹೇಳರು. ಶಾಲೆಗೆ ಹೋಗುವ ಹುಡುಗಿ ಹೆತ್ತ ತಾಯಿಗೂ ಹೇಳಳು.

ವೈದ್ಯಶಾಸ್ತ್ರಕ್ಕೆ ಮಾತ್ರ ಈ ನಾಚಿಕೆ ಎಂದೂ ಇದ್ದಂತಿಲ್ಲ. ಮೂತ್ರದ ಮಾಧುರ್ಯವನ್ನು ಗಮನಿಸಿಯೇ ನಮ್ಮ ಆಯುರ್ವೇದದ ಆಚಾರ್ಯರು ಒಂದು ವ್ಯಾಧಿಗೆ ಮಧುಮೇಹವೆಂದು ಹೆಸರಿಟ್ಟರು. 1776ರಲ್ಲಿ ಇಂಗ್ಲೆಂಡಿನ ಮ್ಯಾಥ್ಯೂ ಡಾಬ್ಸನ್ ಅಂತಹ ರೋಗಿಯ ಮೂತ್ರವನ್ನು ಕಾಯಿಸಿ ಬತ್ತಿಸಿ, ತಳದಲ್ಲಿ ಉಳಿದದ್ದು ಸಕ್ಕರೆಯ ಜಾತಿಯದೆಂದು ತೋರಿಸಿಕೊಟ್ಟನು.

ವಾಸನೆ ಬದಲಾದೊಡನೆ ಭಯಪಡಬೇಕಾದ ಕಾರಣವಿಲ್ಲ. ಬಹುಪಾಲು ಸಂದರ್ಭಗಳಲ್ಲಿ ಅದರ ಮೂಲ ನೀರಿನ ಕೊಡದಲ್ಲಿದೆ. ಬೇಸಗೆಯ ದಿನ ಬೆವರು ಧಾರೆಯಾಗಿ ಹರಿದು, ಕುಡಿದ ನೀರು ಎರಡು ಲೋಟವೂ ಆಗದಿದ್ದರೆ, ಮೂತ್ರಪಿಂಡಗಳು ಇದ್ದ ನೀರನ್ನೇ ಜೋಪಾನ ಮಾಡುತ್ತವೆ. ಆಗ ಮೂತ್ರ ಗಾಢವಾಗಿ, ಬಣ್ಣವೂ ವಾಸನೆಯೂ ಹೆಚ್ಚುತ್ತವೆ. ಹೊರಬಿದ್ದ ಮೂತ್ರ ಹಾಗೆಯೇ ನಿಂತರೆ, ಅದರ ಯೂರಿಯಾವನ್ನು ಸೂಕ್ಷ್ಮಜೀವಿಗಳು ಒಡೆದು ಅಮೋನಿಯಾ ಮಾಡುತ್ತವೆ. ಮಗುವಿನ ಒದ್ದೆ ಬಟ್ಟೆಯ ಘಾಟಿಗೆ ಇದೇ ಕಾರಣ. ಬೆಳ್ಳುಳ್ಳಿ, ಕಾಫಿ, ಬಿ ಗುಂಪಿನ ವೈಟಮಿನ್ ಮಾತ್ರೆ, ಇವುಗಳಿಂದಲೂ ವಾಸನೆ ಬೇರೆಯಾಗುವುದುಂಟು.

ಮೆಂತ್ಯದ ಪ್ರಭಾವ ಇನ್ನೂ ಸ್ವಾರಸ್ಯವಾದುದು. ಅದರ ಪರಿಮಳಕ್ಕೆ ಕಾರಣವಾದ ದ್ರವ್ಯ ದೇಹವನ್ನು ಹಾದು ಮೂತ್ರದಲ್ಲಿಯೂ ಬೆವರಿನಲ್ಲಿಯೂ ಹೊರಬೀಳುತ್ತದೆ. 1954ರಲ್ಲಿ ಅಮೆರಿಕದ ವೈದ್ಯರು ಒಂದೇ ಕುಟುಂಬದ ಶಿಶುಗಳನ್ನು ಬಲಿ ತೆಗೆದುಕೊಂಡ ಒಂದು ರೋಗವನ್ನು ವರ್ಣಿಸಿದರು. ಆ ಶಿಶುಗಳ ಮೂತ್ರ ಮೇಪಲ್ ಮರದ ಪಾಕದಂತೆ, ಎಂದರೆ ಸುಟ್ಟ ಸಕ್ಕರೆಯಂತೆ, ನಾರುತ್ತಿತ್ತು. ಆ ವಾಸನೆಗೂ ಮೆಂತ್ಯದ ವಾಸನೆಗೂ ಬಹಳ ಹೋಲಿಕೆ. ಆದುದರಿಂದ ಹಸುಗೂಸಿನಲ್ಲಿ ಇಂತಹ ವಾಸನೆ ಕಂಡಾಗ, ಬಾಣಂತಿ ಮೆಂತ್ಯದ ಉಂಡೆ ತಿಂದಿದ್ದಾಳೆಯೇ ಎಂಬುದನ್ನು ವೈದ್ಯರಿಗೆ ತಿಳಿಸುವುದು ಅಗತ್ಯ. ಮಗು ಹಾಲು ಬಿಟ್ಟು ಮಂಕಾಗಿದ್ದರಂತೂ ಮೆಂತ್ಯದ ಸಮಾಧಾನವನ್ನು ನಂಬಿ ಕುಳಿತಿರಬಾರದು.

ಕೆಲವು ಲಕ್ಷಣಗಳು ಜೊತೆಗೂಡಿದಾಗ ಸಂಕೋಚ ಅಪಾಯಕರ. ದುರ್ಗಂಧದೊಡನೆ ಉರಿ, ಪದೇ ಪದೇ ಹೋಗಬೇಕೆಂಬ ಆತುರ, ಕಿಬ್ಬೊಟ್ಟೆಯ ನೋವು, ಜ್ವರ, ಇವು ಸೇರಿದರೆ ಮೂತ್ರನಾಳದ ಸೋಂಕನ್ನು ಶಂಕಿಸಬೇಕು. ಸ್ತ್ರೀಯರಲ್ಲಿ ಮೂತ್ರದ್ವಾರದ ನಾಳ ಗಿಡ್ಡವಾದುದರಿಂದ ಈ ಬಾಧೆ ಹೆಚ್ಚು. ಗರ್ಭಿಣಿಯಲ್ಲಿ ಅದು ಮೂತ್ರಪಿಂಡಗಳಿಗೆ ಏರಿ ತಾಯಿಗೂ ಮಗುವಿಗೂ ಕೇಡು ತರಬಲ್ಲದು. ಹಿಂದಿನ ಸಲ ಉಳಿದ ಮಾತ್ರೆಗಳನ್ನು ನುಂಗುವುದು ಇದಕ್ಕೆ ಪರಿಹಾರವಲ್ಲ, ಪರೀಕ್ಷೆಯೇ ದಾರಿ. ಮಧುಮೇಹಿಯ ಉಸಿರು, ಮೂತ್ರಗಳಲ್ಲಿ ಕಳಿತ ಹಣ್ಣಿನ ವಾಸನೆ ಕಂಡು, ವಾಂತಿ, ಏದುಸಿರು, ಮಂಪರು ಕವಿದರೆ ಒಂದು ಗಳಿಗೆಯೂ ತಡೆಯದೆ ಆಸ್ಪತ್ರೆಗೆ ಒಯ್ಯಬೇಕು.

ಮೂಗಿನ ಸಾಕ್ಷ್ಯವನ್ನು ಕಡೆಗಣಿಸಬಾರದೆಂಬುದಕ್ಕೆ ನಾರ್ವೆ ದೇಶದ ತಾಯಿಯೊಬ್ಬಳ ಕಥೆಯೇ ಸಾಕು. ಆಕೆಯ ಮಕ್ಕಳಿಬ್ಬರೂ ಹುಟ್ಟುವಾಗ ಸರಿಯಾಗಿಯೇ ಇದ್ದು, ಬೆಳೆಯುತ್ತ ಬುದ್ಧಿಮಾಂದ್ಯಕ್ಕೆ ಒಳಗಾದರು. ಅವರ ಮೂತ್ರದಲ್ಲಿ ವಿಚಿತ್ರವಾದೊಂದು ವಾಸನೆ ಬಿಡದೆ ಇರುತ್ತಿತ್ತು. ಆಕೆ ವೈದ್ಯರಿಂದ ವೈದ್ಯರಿಗೆ ಅಲೆದಳು, ಫಲ ಕಾಣಲಿಲ್ಲ. 1934ರಲ್ಲಿ ಓಸ್ಲೋ ನಗರದ ಡಾಕ್ಟರ್ ಆಸ್‌ಬ್ಯೋರ್ನ್ ಫೋಲಿಂಗ್ ಆಕೆಯ ಮಾತಿಗೆ ಕಿವಿಗೊಟ್ಟರು. ಮೂತ್ರಕ್ಕೆ ಫೆರಿಕ್ ಕ್ಲೋರೈಡ್ ಹನಿಸಿದಾಗ ಅವರು ಹಿಂದೆಂದೂ ಕಾಣದ ಹಸಿರು ಬಣ್ಣ ಮೂಡಿತು. ತಾಯಿ ಮತ್ತೆ ಮತ್ತೆ ಮೂತ್ರವನ್ನು ಹೊತ್ತು ತಂದಳು. ಕೊನೆಗೆ ಅದರಲ್ಲಿದ್ದುದು ಫೀನೈಲ್‌ಪೈರೂವಿಕ್ ಆಮ್ಲವೆಂದು ಫೋಲಿಂಗ್ ಕಂಡುಹಿಡಿದರು. ಆಹಾರದ ಪ್ರೋಟೀನಿನಲ್ಲಿರುವ ಫೀನೈಲ್‌ಅಲನೀನ್ ಎಂಬ ಅಂಶವನ್ನು ಆ ಮಕ್ಕಳ ದೇಹ ಜೀರ್ಣಿಸಿಕೊಳ್ಳಲಾರದೆ ಹೋಗಿ, ಅದು ಮಿದುಳನ್ನು ಕೆಡಿಸುತ್ತಿತ್ತು.

ಆ ಮಕ್ಕಳಿಬ್ಬರಿಗೂ ಈ ಜ್ಞಾನದಿಂದ ಪ್ರಯೋಜನವಾಗಲಿಲ್ಲ. ಆಗಬೇಕಾದ ಹಾನಿ ಆಗಿಹೋಗಿತ್ತು. ಆದರೆ 1953ರಲ್ಲಿ ಬರ್ಮಿಂಗ್‌ಹ್ಯಾಮಿನ ಹಾರ್ಸ್ಟ್ ಬಿಕ್ಕೆಲ್ ಮತ್ತು ಅವರ ಸಂಗಡಿಗರು ಆ ಅಂಶವನ್ನು ತಗ್ಗಿಸಿದ ಆಹಾರದಿಂದ ಒಂದು ಮಗು ಚೇತರಿಸಿಕೊಂಡುದನ್ನು ಪ್ರಕಟಿಸಿದರು. 1960ರ ದಶಕದ ಆರಂಭದಲ್ಲಿ ಅಮೆರಿಕದ ರಾಬರ್ಟ್ ಗಥ್ರಿ, ಹಸುಗೂಸಿನ ಹಿಮ್ಮಡಿಯಿಂದ ತೆಗೆದ ರಕ್ತದ ಹನಿಯೊಂದರಲ್ಲಿಯೇ ರೋಗವನ್ನು ಗುರುತಿಸುವ ಉಪಾಯವನ್ನು ರೂಢಿಗೆ ತಂದರು. ವಾಸನೆ ಹುಟ್ಟುವ ಮುನ್ನವೇ ಎಚ್ಚರಿಸುವ ಆ ಪರೀಕ್ಷೆ ಅನೇಕ ದೇಶಗಳಲ್ಲಿ ಅಸಂಖ್ಯ ಮಕ್ಕಳ ಬುದ್ಧಿಯನ್ನು ಉಳಿಸಿದೆ.

ಇಂತಹ ರೋಗಗಳು ಅಪರೂಪ; ಸಂಕೋಚವೆಂಬ ರೋಗ ಮಾತ್ರ ಸರ್ವಸಾಮಾನ್ಯ. ಶಾಲೆಯ ಕೊಳಕು ಕಕ್ಕಸಿಗೆ ಹೇಸಿ ಬೆಳಗಿನಿಂದ ಸಂಜೆಯವರೆಗೆ ನೀರೇ ಕುಡಿಯದ ಹುಡುಗಿಯರು ಎಷ್ಟೋ ಮಂದಿ. ಮನೆಗೆ ಬಂದ ಮಗಳಿಗೆ ತಿಂಡಿಯ ತಟ್ಟೆ ಇಡುವಾಗ, ನೀರು ಕುಡಿದೆಯಾ, ಉರಿಯೇನಾದರೂ ಇದೆಯೇ ಎಂದು ತಾಯಿ ಮೆಲ್ಲನೆ ಕೇಳಿದರೆ ಮರ್ಯಾದೆಗೆ ಕುಂದಿಲ್ಲ. ಕೇಳುವವರಿದ್ದಾರೆಂದು ತಿಳಿದರೆ ಹುಡುಗಿಯೂ ಹೇಳಿಯಾಳು.